ಮುಧೋಳ ನಾಯಿಗೆ ಎಷ್ಟು ಓಟ ಬೇಕು? ಊರು-ಪೇಟೆಯಲ್ಲಿ ಸಾಕುವವರಿಗೆ ಒಂದು ಮಾರ್ಗದರ್ಶಿ

"ದಿನಾ ಬೆಳಗ್ಗೆ ಒಂದು ಗಂಟೆ ವಾಕಿಂಗ್ ಕರ್ಕೊಂಡು ಹೋಗ್ತೀನಿ. ಆದ್ರೂ ಮನೆಗೆ ಬಂದ ಹತ್ತು ನಿಮಿಷಕ್ಕೆ ಸೋಫಾ ಕಿತ್ತು ಹಾಕ್ತಾಳೆ. ಇನ್ನೂ ಎಷ್ಟು ನಡೆಸ್ಬೇಕು?"

ಮುಧೋಳ ನಾಯಿ ಸಾಕಿದವರು ನನ್ನನ್ನು ಕೇಳುವುದು ಹೆಚ್ಚಾಗಿ ಇದೇ ಪ್ರಶ್ನೆ. ಪ್ರತಿ ಸಲ ಬಾಯಲ್ಲಿ ಹೇಳುವ ಬದಲು ಒಂದು ಕಡೆ ಬರೆದಿಡೋಣ ಎಂದು ಕೂತಿದ್ದೇನೆ. ಉತ್ತರ ಒಂದೇ ಸಾಲಿನಲ್ಲಿ ಬೇಕು ಅಂದರೆ ಇಷ್ಟು: ಜಾಸ್ತಿ ನಡೆಸಬೇಡಿ, ಬೇರೆ ಥರ ನಡೆಸಿ. ವಾರಕ್ಕೆ ಎರಡು ಮೂರು ದಿನ ಮನಸಾರೆ ಓಡಲು ಬಿಡಿ.

ಈ ನಾಯಿಯ ಕಥೆ ನಿಮಗೆ ಗೊತ್ತೇ ಇರುತ್ತದೆ. ಬಾಗಲಕೋಟೆ ಜಿಲ್ಲೆಯ ಮುಧೋಳದ್ದು, ಘೋರ್ಪಡೆ ಅರಸರ ಕಾಲದಲ್ಲಿ ಹೆಸರು ಮಾಡಿದ ತಳಿ. ಆ ಕಡೆಯ ಹಳ್ಳಿಗಳಲ್ಲಿ ಹೊಲ ಕಾಯಲು, ಮೊಲ ಅಟ್ಟಲು ಸಾಕುತ್ತಿದ್ದರು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು. 2020ರಲ್ಲಿ ಪ್ರಧಾನಿಯವರ 'ಮನ್ ಕಿ ಬಾತ್'ನಲ್ಲಿ ಬಂತು. ಆಮೇಲೆ ಎರಡು ಬೆಡ್‌ರೂಮಿನ ಫ್ಲ್ಯಾಟಿಗೂ ಬಂತು. ತೊಂದರೆ ಶುರುವಾಗುವುದು ಅಲ್ಲಿಂದ.

ಇದು ಕಣ್ಣಿನಿಂದ ಬೇಟೆಯಾಡುವ ನಾಯಿ. ಸೈಟ್‌ಹೌಂಡ್ ಅನ್ನುವುದು ಈ ಜಾತಿಗೇ. ದೂರದಲ್ಲಿ ಏನೋ ಅಲ್ಲಾಡಿದರೆ ಸಾಕು, ಬಾಣದ ಹಾಗೆ ಹೊರಡುತ್ತದೆ. ಸ್ವಲ್ಪ ಹೊತ್ತಿನ ಭಾರೀ ಓಟ, ಆಮೇಲೆ ಗಂಟೆಗಟ್ಟಲೆ ನಿದ್ದೆ. ಮೈಕಟ್ಟೇ ಅದಕ್ಕೆ ತಕ್ಕ ಹಾಗಿದೆ: ಆಳವಾದ ಎದೆ, ಸಣ್ಣ ನಡು, ಉದ್ದ ಕಾಲು. ಅಂಥ ಪ್ರಾಣಿಗೆ ನಮ್ಮ ನಡಿಗೆಯ ವೇಗ ಅಂದರೆ ರೇಷನ್ ಅಂಗಡಿ ಮುಂದೆ ಕ್ಯೂನಲ್ಲಿ ನಿಂತ ಹಾಗೆ. ಒಂದು ಗಂಟೆ ನಿಂತರೆ ಕಾಲು ನೋಯಬಹುದು, ಮನಸ್ಸು ತಣಿಯುವುದಿಲ್ಲ. ಸುಸ್ತಾಗಲಿ ಎಂದು ದಿನಾ ಹತ್ತು ಹತ್ತು ನಿಮಿಷ ಹೆಚ್ಚಿಸುತ್ತಾ ಹೋದರೆ ಮೂರು ತಿಂಗಳಲ್ಲಿ ನಿಮ್ಮ ಮನೆಯಲ್ಲಿ ಒಬ್ಬ ಮ್ಯಾರಥಾನ್ ಓಟಗಾರ ತಯಾರಾಗುತ್ತಾನೆ. ಸೋಫಾ ಆಗಲೂ ಉಳಿಯುವುದಿಲ್ಲ.

ಇಲ್ಲಿ ಹೇಳುವುದೆಲ್ಲ ಮುಧೋಳಕ್ಕೆ. ರಾಜಪಾಳಯಂ, ಚಿಪ್ಪಿಪಾರೈ ತಳಿಯ ನಾಯಿ ಸಾಕಿರುವವರಿಗೂ ಬಹುಪಾಲು ಹೊಂದುತ್ತದೆ.

ಏನೇನು ಬೇಕು

ಸರಿಯಾದ ಬೆಲ್ಟು, ಆರಡಿ ಚೈನು ಅಥವಾ ಹಗ್ಗ, ಹತ್ತು ಮೀಟರಿನ ಒಂದು ಉದ್ದ ಹಗ್ಗ, ನೀರಿನ ಬಾಟಲಿ ಮತ್ತು ಬಟ್ಟಲು, ಜೇಬಿನಲ್ಲಿ ಒಂದು ಹಿಡಿ ತಿಂಡಿ. ಬೇಯಿಸಿದ ಕೋಳಿ ಚೂರಾದರೂ ಆಯಿತು, ಜೋಳದ ರೊಟ್ಟಿ ಚೂರಾದರೂ ಆಯಿತು. ಇವುಗಳ ಜೊತೆಗೆ ಸುತ್ತಲೂ ಬೇಲಿ ಇರುವ ಒಂದು ಜಾಗ. ಕಷ್ಟ ಇರುವುದು ಈ ಕೊನೆಯದರಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಹಂತ 1: ವಯಸ್ಸು ನೋಡಿ

ಮರಿಯಾಗಿದ್ದರೆ ಈ ಲೇಖನದ ಓಟದ ಭಾಗವನ್ನು ಸದ್ಯಕ್ಕೆ ಬಿಟ್ಟುಬಿಡಿ. ಎಲುಬಿನ ತುದಿಗಳಲ್ಲಿ ಬೆಳೆಯುವ ಮೆತ್ತನೆಯ ಪದರ ಇರುತ್ತದೆ. ಅದು ಗಟ್ಟಿಯಾಗಲು ಒಂದು ವರ್ಷದ ಮೇಲೆ ಬೇಕು. ಅದಕ್ಕೆ ಮುಂಚೆ ಬಲವಂತದ ಓಟ, ಎತ್ತರದಿಂದ ಹಾರಿಸುವುದು, ದಿನಾ ಮೆಟ್ಟಿಲು ಹತ್ತಿಸಿ ಇಳಿಸುವುದು ಬೇಡ. ಮರಿ ತಾನಾಗಿಯೇ ಮಣ್ಣಿನಲ್ಲಿ ಕುಣಿದು, ತಾನಾಗಿಯೇ ಬಿದ್ದು ಮಲಗಿದರೆ ಅದೇ ಅದರ ವ್ಯಾಯಾಮ.

ಲಸಿಕೆಗಳ ಸರಣಿ ಮುಗಿಯುವವರೆಗೆ ಮರಿಯನ್ನು ಬೀದಿಯ ಮಣ್ಣಿಗೆ ಇಳಿಸಬೇಡಿ. ಪಾರ್ವೊ ಅನ್ನುವುದು ರಕ್ತಭೇದಿ ತರುವ ವೈರಸ್. ಬೇರೆ ನಾಯಿಯ ಮಲದಿಂದ ಹರಡುತ್ತದೆ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಆದರೆ ಮನೆಯೊಳಗೇ ಕಟ್ಟಿಹಾಕಬೇಡಿ. ಎತ್ತಿಕೊಂಡು ಹೋಗಿ ಆಟೋ, ಬಸ್ಸು, ತರಕಾರಿ ಗಾಡಿ, ಹೆಲ್ಮೆಟ್ ಹಾಕಿದವರನ್ನು ತೋರಿಸಿ. ಈ ತಳಿ ಅಪರಿಚಿತರ ಹತ್ತಿರ ಸಂಕೋಚದ್ದು. ಚಿಕ್ಕಂದಿನಲ್ಲಿ ಲೋಕ ನೋಡದಿದ್ದರೆ ದೊಡ್ಡದಾದ ಮೇಲೆ ವಾಕಿಂಗೇ ಒಂದು ಭಯದ ಕೆಲಸವಾಗುತ್ತದೆ.

ದೊಡ್ಡ ನಾಯಿಯನ್ನು ಓಡಿಸಲು ಶುರು ಮಾಡುವ ಮುಂಚೆ ಒಮ್ಮೆ ಪಶುವೈದ್ಯರಿಗೆ ತೋರಿಸಿ. ಹೃದಯ, ಕೀಲು, ರಕ್ತಹೀನತೆ, ಇಷ್ಟು ನೋಡಿಸಿದರೆ ಸಾಕು.

ಹಂತ 2: ಬೆಲ್ಟು ಬದಲಿಸಿ

ಮುಧೋಳದ ತಲೆ ಸಣ್ಣದು, ಕುತ್ತಿಗೆ ದಪ್ಪ. ಅಂಗಡಿಯಲ್ಲಿ ಸಿಗುವ ಮಾಮೂಲಿ ಬೆಲ್ಟು ಹಾಕಿ, ಅದು ಹೆದರಿ ಹಿಂದಕ್ಕೆ ಜಗ್ಗಿತು ಅನ್ನಿ, ಬೆಲ್ಟು ಕಿವಿ ದಾಟಿ ಕೈಗೆ ಬರುತ್ತದೆ. ನನ್ನ ನಾಯಿ ಚಿನ್ನಿ ಹಾಗೇ ಒಮ್ಮೆ ನೀರಿನ ಟ್ಯಾಂಕರಿನ ಹಾರನ್ನಿಗೆ ಬೆಚ್ಚಿ ಓಡಿದಳು. ನನ್ನ ಕೈಯಲ್ಲಿ ಚೈನು, ಚೈನಿನ ತುದಿಯಲ್ಲಿ ಖಾಲಿ ಬೆಲ್ಟು. ಎರಡು ಗಂಟೆ ಹುಡುಕಿದ ಮೇಲೆ ಮನೆಯ ಗೇಟಿನ ಮುಂದೆಯೇ ಕೂತಿದ್ದಳು. ಎಲ್ಲರ ಅದೃಷ್ಟ ಹಾಗಿರುವುದಿಲ್ಲ.

ಇದಕ್ಕೆ ಎರಡು ದಾರಿ ಇವೆ. ಒಂದು, ಮಾರ್ಟಿಂಗೇಲ್ ಬೆಲ್ಟು. ಇದರಲ್ಲಿ ಎರಡು ಕುಣಿಕೆ ಇರುತ್ತವೆ. ನಾಯಿ ಜಗ್ಗಿದಾಗ ಚಿಕ್ಕ ಕುಣಿಕೆ ದೊಡ್ಡದನ್ನು ಅಷ್ಟಕ್ಕೇ ಬಿಗಿ ಮಾಡುತ್ತದೆ, ಉಸಿರು ಕಟ್ಟುವುದಿಲ್ಲ. ಎರಡೂವರೆ ಇಂಚಾದರೂ ಅಗಲ ಇದ್ದರೆ ಒಳ್ಳೆಯದು, ಇವುಗಳ ಚರ್ಮ ತೆಳು. ಇನ್ನೊಂದು, ಎದೆಪಟ್ಟಿ ಅಥವಾ ಹಾರ್ನೆಸ್. ಎದೆಯ ಮೇಲೆ ಇಂಗ್ಲಿಷಿನ ವೈ ಅಕ್ಷರದ ಆಕಾರದಲ್ಲಿ ಕೂರುವಂಥದ್ದು ತನ್ನಿ. ಹೆದರುಪುಕ್ಕಲು ನಾಯಿಗೆ ನಾನು ಎರಡನ್ನೂ ಹಾಕಿಸುತ್ತೇನೆ.

ಬೇಡದ್ದು: ಕುತ್ತಿಗೆ ಬಿಗಿಯುವ ಚೋಕ್ ಚೈನು. ಬಟನ್ ಒತ್ತಿದರೆ ಉದ್ದವಾಗುವ ಸುರುಳಿ ಹಗ್ಗವೂ ಬೇಡ. ಅದು ಎಂಟು ಮೀಟರ್ ಬಿಚ್ಚಿಕೊಳ್ಳುವಷ್ಟರಲ್ಲಿ ಮುಧೋಳ ಪೂರ್ತಿ ವೇಗಕ್ಕೆ ಬಂದಿರುತ್ತದೆ. ತುದಿಗೆ ಬಂದು ಜಗ್ಗಿದಾಗ ಒಂದೋ ಅದರ ಕುತ್ತಿಗೆ ಉಳುಕುತ್ತದೆ, ಇಲ್ಲ ನಿಮ್ಮ ಭುಜ. ಯಾವ ಹಗ್ಗವನ್ನೂ ಕೈಗೆ ಸುತ್ತಿಕೊಳ್ಳಬೇಡಿ.

ಹಂತ 3: ಹೊತ್ತು ಗೊತ್ತು ಮಾಡಿ

ಬೆಳಗ್ಗೆ ಏಳರೊಳಗೆ, ಸಂಜೆ ಬಿಸಿಲು ಇಳಿದ ಮೇಲೆ. ಕಲಬುರಗಿ, ರಾಯಚೂರಿನ ಏಪ್ರಿಲ್-ಮೇ ಆದರೆ ಬೆಳಗ್ಗೆ ಆರಕ್ಕೇ ಮುಗಿಸಿ. ಸಂಜೆಯ ಓಟವನ್ನು ಆ ಎರಡು ತಿಂಗಳು ಮರೆತುಬಿಡಿ. ಡಾಂಬರು ರಸ್ತೆ ಸೂರ್ಯ ಮುಳುಗಿದ ಮೇಲೂ ಕಾದಿರುತ್ತದೆ. ನಿಮ್ಮ ಅಂಗೈಯ ಹಿಂಭಾಗವನ್ನು ರಸ್ತೆಗೆ ಒತ್ತಿ ಏಳು ಎಣಿಸಿ. ಅಷ್ಟು ಹೊತ್ತು ಇಡಲು ಆಗದಿದ್ದರೆ ನಾಯಿಯ ಅಂಗಾಲಿಗೂ ಆಗುವುದಿಲ್ಲ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಮುಖ್ಯವಾಗಿ ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಏದುಸಿರು ನಿಲ್ಲುತ್ತಲೇ ಇಲ್ಲ, ಜೊಲ್ಲು ಅಂಟಂಟಾಗಿದೆ, ವಸಡು ಕಡುಕೆಂಪಾಗಿದೆ, ನಡಿಗೆ ತೂರಾಡುತ್ತಿದೆ ಅಂದರೆ ಅದು ಶಾಖಾಘಾತ. ಆಗ ಕೂಡಲೇ ನೆರಳಿಗೆ ತನ್ನಿ, ಮೈ ಪೂರ್ತಿ ನೆನೆಯುವಂತೆ ನಲ್ಲಿಯ ತಣ್ಣೀರು ಸುರಿಯಿರಿ, ಗಾಳಿ ಹಾಕಿ, ಹಾಗೇ ಆಸ್ಪತ್ರೆಗೆ ಹೊರಡಿ. ಒದ್ದೆ ಟವೆಲ್ ಹೊದಿಸಿ ಬಿಡುವುದು ತಪ್ಪು, ಬಿಸಿ ಒಳಗೇ ಉಳಿಯುತ್ತದೆ.

ಊಟದ ಲೆಕ್ಕವೂ ಇದೆ. ಆಳವಾದ ಎದೆಯ ನಾಯಿಗಳಿಗೆ ಹೊಟ್ಟೆಯಲ್ಲಿ ಗಾಳಿ ತುಂಬಿ ಜಠರ ತಿರುಚಿಕೊಳ್ಳುವ ಅಪಾಯ ಇದೆ. ವೈದ್ಯರು ಬ್ಲೋಟ್ ಅನ್ನುವುದು ಇದನ್ನೇ. ಹೊಟ್ಟೆ ಉಬ್ಬುತ್ತದೆ, ವಾಂತಿ ಬರುವ ಹಾಗೆ ಮಾಡುತ್ತದೆ ಆದರೆ ಏನೂ ಬರುವುದಿಲ್ಲ, ಕೂತಲ್ಲಿ ಕೂರುವುದಿಲ್ಲ. ಬೆಳಗಾಗಲಿ ಎಂದು ಕಾಯುವ ಕಾಯಿಲೆ ಅಲ್ಲ ಇದು, ಗಂಟೆಗಳಲ್ಲಿ ಜೀವ ಹೋಗುತ್ತದೆ. ಹಾಗಾಗಿ ಹೊಟ್ಟೆ ತುಂಬ ತಿಂದ ನಾಯಿಯನ್ನು ಓಡಿಸಲೇಬೇಡಿ. ಓಟ ಮುಗಿದು ಉಸಿರು ಪೂರ್ತಿ ಇಳಿದು, ಒಂದು ಗಂಟೆ ಆದ ಮೇಲೆ ಊಟ ಹಾಕಿ.

ಹಂತ 4: ದಿನದ ನಡಿಗೆಯನ್ನು ಮೂಗಿಗೆ ಬಿಡಿ

ದಿನಕ್ಕೆ ಎರಡು ಸಲ, ಒಂದೊಂದು ಸಲ 25ರಿಂದ 30 ನಿಮಿಷ ಸಾಕು. ಆದರೆ ಎಳೆದುಕೊಂಡು ಹೋಗಬೇಡಿ. ವಿದ್ಯುತ್ ಕಂಬ, ಗೇಟಿನ ಮೂಲೆ, ಒಣಗಿದ ಎಲೆಯ ಗುಡ್ಡೆ, ಎಲ್ಲಿ ನಿಂತು ಮೂಸುತ್ತದೋ ಅಲ್ಲಿ ನೀವೂ ನಿಲ್ಲಿ. ನಾವು ಚಹಾ ಕುಡಿಯುತ್ತಾ ಪೇಪರ್ ಓದುತ್ತೇವಲ್ಲ, ಅದು ಓದುವ ಪೇಪರು ಇದು. ಕಣ್ಣಿನ ನಾಯಿ ಅಂದಮಾತ್ರಕ್ಕೆ ಮೂಗು ಇಲ್ಲ ಅಂತಲ್ಲ. ಅರ್ಧ ಗಂಟೆ ಮೂಸಿದ ನಾಯಿ, ಒಂದು ಗಂಟೆ ದರದರ ನಡೆದ ನಾಯಿಗಿಂತ ಬೇಗ ಮಲಗುತ್ತದೆ. ಒಂದು ವಾರ ಮಾಡಿ ನೋಡಿ, ನಿಮಗೇ ಗೊತ್ತಾಗುತ್ತದೆ.

ಬೀದಿ ನಾಯಿಗಳ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಪ್ರತಿ ಗುಂಪಿಗೂ ಒಂದು ಗಡಿ ಇರುತ್ತದೆ, ಸಾಮಾನ್ಯವಾಗಿ ಒಂದು ಅಡ್ಡರಸ್ತೆಯಿಂದ ಇನ್ನೊಂದಕ್ಕೆ. ಒಂದೆರಡು ದಿನ ನಾಯಿ ಇಲ್ಲದೆ ನೀವೊಬ್ಬರೇ ನಡೆದು ಎಲ್ಲಿ ಯಾವ ಗುಂಪು ಮಲಗುತ್ತದೆ ನೋಡಿಕೊಳ್ಳಿ. ದಾರಿಯನ್ನು ಅದಕ್ಕೆ ತಕ್ಕಂತೆ ಬದಲಿಸಿ. ಎದುರು ಬಂದರೆ ಓಡಬೇಡಿ, ಕಲ್ಲು ಎತ್ತಬೇಡಿ. ನಿಮ್ಮ ನಾಯಿಯನ್ನು ಹಿಂದಿಟ್ಟುಕೊಂಡು, ಒಂದು ಹಿಡಿ ಬಿಸ್ಕತ್ತು ಆ ಕಡೆ ಎಸೆದು, ಅಡ್ಡಲಾಗಿ ನಿಧಾನ ಜಾರಿಕೊಳ್ಳಿ.

ಅಪಾರ್ಟ್‌ಮೆಂಟಿನವರಿಗೆ ಒಂದು ಮಾತು. ನಾಯಿಯನ್ನು ಲಿಫ್ಟಿಗೆ ಹತ್ತಿಸಬಾರದು ಎಂದು ನಿವಾಸಿಗಳ ಸಂಘ ತಡೆಯುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಕಾಗದ ಕೈಯಲ್ಲಿರಲಿ, ಜಗಳ ಬೇಡ. ಮಲ ಎತ್ತಲು ಕವರ್ ಹಿಡಿದು ಹೋಗುವವರ ಮೇಲೆ ದೂರು ಬರುವುದು ಕಡಿಮೆ.

ಹಂತ 5: ನಿಜವಾದ ಓಟ

ಈಗ ಜಾಗದ ವಿಷಯ. ಬಯಲಲ್ಲಿ ಹಗ್ಗ ಬಿಚ್ಚಬೇಡಿ. ಕೆರೆ ಅಂಗಳ, ಖಾಲಿ ಲೇಔಟು, ಊರ ಹೊರಗಿನ ಹೊಲ, ಯಾವುದೂ ಬೇಡ. "ನಮ್ಮದು ಕರೆದರೆ ಬರುತ್ತೆ" ಅನ್ನುತ್ತೀರಿ. ಬರುತ್ತದೆ, ಮೊಲ ಕಾಣುವವರೆಗೆ. ಒಮ್ಮೆ ಕಣ್ಣು ನೆಟ್ಟಿತು ಅಂದರೆ ಅದಕ್ಕೆ ನಿಮ್ಮ ಕೂಗೂ ಕೇಳುವುದಿಲ್ಲ, ಎದುರು ಬರುವ ಲಾರಿಯೂ ಕಾಣುವುದಿಲ್ಲ. ಊರ ಕಡೆ "ಸುಮ್ನೆ ಆಟಕ್ಕೆ" ಮೊಲದ ಹಿಂದೆ ಬಿಡುವವರು ಇನ್ನೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಟ್ಟಿಸುವುದೂ ಬೇಟೆಯೇ. ನಾಯಿಯ ಮೇಲೆ ಕೇಸ್ ಹಾಕುವುದಿಲ್ಲ, ನಿಮ್ಮ ಮೇಲೆ ಹಾಕುತ್ತಾರೆ.

ಹಾಗಾದರೆ ಎಲ್ಲಿ? ಕಾಂಪೌಂಡ್ ಇರುವ ಪರಿಚಯದವರ ಸೈಟು, ಬೇಲಿ ಹಾಕಿದ ತೋಟ, ಶಾಲೆಯವರು ಒಪ್ಪಿದರೆ ಭಾನುವಾರ ಬೆಳಗ್ಗೆ ಅವರ ಮೈದಾನ. ಬೆಂಗಳೂರಿನಂಥ ಊರಲ್ಲಿ ನಾಯಿಗಳಿಗೆಂದೇ ಬೇಲಿ ಹಾಕಿದ ಜಾಗಗಳನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವವರೂ ಇದ್ದಾರೆ. ಮೂರು ನಾಲ್ಕು ಮನೆಯವರು ಸೇರಿ ಹಂಚಿಕೊಂಡರೆ ಭಾರ ಆಗುವುದಿಲ್ಲ. ಬೇಲಿ ಆರಡಿ ಇರಲಿ. ಮುಳ್ಳುತಂತಿಯ ಬೇಲಿ ಬೇಡ. ಇವುಗಳ ಚರ್ಮ ತಂತಿಗೆ ತಾಗಿದರೆ ಕಾಗದದ ಹಾಗೆ ಸೀಳುತ್ತದೆ. ಟೈಲ್ಸ್, ಗ್ರಾನೈಟ್ ನೆಲದ ಮೇಲೆ ಓಡಿಸಬೇಡಿ, ತಿರುವಿನಲ್ಲಿ ಜಾರಿ ಮಂಡಿಯ ಕಟ್ಟು ಹರಿಯುತ್ತದೆ.

ಮಹಡಿಯ ಮೇಲಿನ ತಾರಸಿ? ಅದಂತೂ ಬೇಡವೇ ಬೇಡ. ಮೂರಡಿ ಪ್ಯಾರಾಪೆಟ್ ಗೋಡೆ ಮುಧೋಳಕ್ಕೆ ಒಂದು ನೆಗೆತ. ಆಚೆ ಏನಿದೆ ಎಂದು ನೋಡಿ ನೆಗೆಯುವುದಿಲ್ಲ. ಗೋಡೆಯ ಮೇಲೆ ಪಾರಿವಾಳ ಕೂತರೆ ಅಷ್ಟೇ.

ಜಾಗ ಸಿಕ್ಕಿತು. ಬಿಡುವ ಮುಂಚೆ ಒಂದು ಸುತ್ತು ನಡೆದು ಬಾಟಲಿ ಚೂರು, ಗುಂಡಿ, ಸರಳು ನೋಡಿ. ಗೇಟಿಗೆ ಚಿಲಕ ಹಾಕಿದ್ದೀರಾ ಎಂದು ಇನ್ನೊಮ್ಮೆ ನೋಡಿ. ನಾಯಿಯನ್ನು ಹಗ್ಗದಲ್ಲೇ ಹತ್ತು ನಿಮಿಷ ನಡೆಸಿ, ಮಲ ಮೂತ್ರ ಮುಗಿಯಲಿ, ಮಾಂಸಖಂಡ ಬಿಸಿಯಾಗಲಿ. ಆಮೇಲೆ ಬಿಡಿ.

ಮೊದಲ ವಾರ ಎರಡು ಮೂರು ಓಟ ಸಾಕು. ನಡುವೆ ಎರಡು ಮೂರು ನಿಮಿಷ ಬಿಡುವು. ತಿಂಗಳಾಗುವಷ್ಟರಲ್ಲಿ ಐದಾರು ಓಟಕ್ಕೆ ಬರಬಹುದು. ಎಲ್ಲ ಸೇರಿ ಹದಿನೈದು ಇಪ್ಪತ್ತು ನಿಮಿಷ, ಅದಕ್ಕಿಂತ ಜಾಸ್ತಿ ಬೇಡ. ಇನ್ನೊಂದು ಓಟ ಓಡುವ ಆಸೆ ಉಳಿದಿರುವಾಗಲೇ ನಿಲ್ಲಿಸಿ. ಸುಸ್ತಾದ ನಾಯಿ ಕಾಲು ತಪ್ಪಿ ಹಾಕುತ್ತದೆ, ಪೆಟ್ಟು ಮಾಡಿಕೊಳ್ಳುವುದು ಆಗಲೇ. ಮತ್ತೆ ಐದು ನಿಮಿಷ ನಡೆಸಿ, ಉಸಿರು ಇಳಿದ ಮೇಲೆ ನೀರು, ಸ್ವಲ್ಪ ಸ್ವಲ್ಪವೇ. ಮರುದಿನ ಓಟ ಬೇಡ.

ಕರೆದರೆ ಬರುವುದನ್ನು ಕಲಿಸಲೂ ಇದೇ ಜಾಗ. ಎಲ್ಲರೂ ಮಾಡುವ ತಪ್ಪು ಏನು ಗೊತ್ತಾ? ಆಟ ಮುಗಿಸುವಾಗ ಮಾತ್ರ "ಬಾ" ಅನ್ನುತ್ತಾರೆ. ನಾಯಿ ದಡ್ಡ ಅಲ್ಲ. "ಬಾ" ಅಂದರೆ ಹಗ್ಗ ಬೀಳುತ್ತದೆ, ಮಜಾ ಮುಗಿಯುತ್ತದೆ ಎಂದು ಎರಡೇ ದಿನದಲ್ಲಿ ಕಲಿಯುತ್ತದೆ. ಹತ್ತು ಸಲ ಕರೆಯಿರಿ. ಬಂದಾಗಲೆಲ್ಲ ತಿಂಡಿ ಕೊಟ್ಟು, ಬೆಲ್ಟು ಮುಟ್ಟಿ, "ಹೋಗು" ಎಂದು ಮತ್ತೆ ಬಿಡಿ. ಹತ್ತನೆಯ ಸಲ ಮಾತ್ರ ಹಗ್ಗ ಹಾಕಿ. ಉದ್ದ ಹಗ್ಗ ತಂದಿದ್ದು ಬೇಲಿ ಇಲ್ಲದ ಕಡೆ ಇದೇ ಪಾಠವನ್ನು ನಿಧಾನ ನಡಿಗೆಯಲ್ಲಿ ಮಾಡಲು. ಅದನ್ನು ಎದೆಪಟ್ಟಿಗೇ ಕಟ್ಟಿ, ಕುತ್ತಿಗೆಗಲ್ಲ. ಹಗ್ಗ ಕಟ್ಟಿಕೊಂಡು ಓಡಲು ಬಿಡಬೇಡಿ.

ಸ್ಕೂಟರಿಗೆ ಕಟ್ಟಿ ಓಡಿಸುವವರಿಗೆ ನಾನು ವಾದ ಮಾಡಿ ಸಾಕಾಗಿದೆ. ಅಂಗಾಲು ಸವೆಯುತ್ತದೆ, ನಾಯಿಗೆ ನಿಲ್ಲಬೇಕು ಅನ್ನಿಸಿದಾಗ ನಿಲ್ಲಲು ಆಗುವುದಿಲ್ಲ, ಒಂದು ಬೆಕ್ಕು ಅಡ್ಡ ಬಂದರೆ ಇಬ್ಬರೂ ರಸ್ತೆಯಲ್ಲಿ.

ಹಂತ 6: ಜಾಗವೇ ಇಲ್ಲದವರಿಗೆ ಕೋಲು-ಹಗ್ಗದ ಆಟ

ಇಂಗ್ಲಿಷಿನವರು ಫ್ಲರ್ಟ್ ಪೋಲ್ ಅನ್ನುವ ಈ ಸಾಧನ ನೋಡಲು ದೊಡ್ಡ ಗಾಳದ ಕೋಲಿನ ಹಾಗಿರುತ್ತದೆ. ಆನ್‌ಲೈನಿನಲ್ಲಿ ದುಡ್ಡು ಕೊಡಬೇಕಾಗಿಲ್ಲ. ಮುಕ್ಕಾಲು ಇಂಚಿನ ಪಿವಿಸಿ ಪೈಪು ನಾಲ್ಕಡಿ ಕತ್ತರಿಸಿ. ಅದರ ಎರಡರಷ್ಟು ಉದ್ದದ ಹತ್ತಿ ಹಗ್ಗ ಒಳಗಿಂದ ತೂರಿಸಿ, ಕೈ ಹಿಡಿಯುವ ತುದಿಯಲ್ಲಿ ದಪ್ಪ ಗಂಟು ಹಾಕಿ. ಇನ್ನೊಂದು ತುದಿಗೆ ಹಳೆಯ ಟವೆಲ್ ಚೂರು ಬಿಗಿಯಾಗಿ ಕಟ್ಟಿ. ನೈಲಾನ್ ಹಗ್ಗ ಬೇಡ, ಕಾಲಿಗೆ ಸುತ್ತಿದರೆ ಕೊಯ್ಯುತ್ತದೆ.

ಟವೆಲ್ ಚೂರು ನೆಲದ ಮೇಲೇ ಇರಲಿ. ಹಾವು ಹರಿದ ಹಾಗೆ ಎಳೆಯಿರಿ, ಒಂದು ಕ್ಷಣ ನಿಲ್ಲಿಸಿ, ಮತ್ತೆ ಸರಕ್ಕನೆ ಎಳೆಯಿರಿ. ಆ ನಿಲ್ಲಿಸುವ ಕ್ಷಣದಲ್ಲಿ ನಾಯಿಯನ್ನು ನೋಡಿ: ಮುಂಗಾಲು ಬಗ್ಗಿಸಿ, ಕಿವಿ ಹಿಂದಕ್ಕೆ ಮಡಚಿ, ಬೆನ್ನಿನ ಒಂದೊಂದು ನರವೂ ಎದ್ದು ನಿಂತಿರುತ್ತದೆ. ಅದರ ಅಜ್ಜಂದಿರು ಹೊಲದ ಬದುವಿನಲ್ಲಿ ನಿಂತಿದ್ದೂ ಹೀಗೇ. ಗಾಳಿಯಲ್ಲಿ ಎತ್ತಿ ಹಾರಿಸಬೇಡಿ, ಗಿರಗಿರ ಸುತ್ತಿಸಬೇಡಿ. ಪ್ರತಿ ಸುತ್ತಿಗೆ ಮುಂಚೆ "ಕೂರು" ಅನ್ನಿ, ಕೂತರೆ ಮಾತ್ರ ಆಟ. ನಾಲ್ಕೈದು ಸಲ ಆದಮೇಲೆ ಹಿಡಿಯಲು ಬಿಡಿ. ಎಂದೂ ಸಿಗದ ಬೇಟೆ ನಾಯಿಗೆ ತಲೆ ಕೆಡಿಸುತ್ತದೆ. ಐದು ನಿಮಿಷ ಆಡಿ ನಿಲ್ಲಿಸಿ, ಕೋಲನ್ನು ಕಣ್ಣಿಗೆ ಕಾಣದ ಹಾಗೆ ಎತ್ತಿಡಿ. ಇಪ್ಪತ್ತಡಿ ಅಂಗಳ ಇದ್ದರೂ ಈ ಆಟ ಸಾಗುತ್ತದೆ.

ಚೆಂಡು ಎಸೆಯುವುದು ಇದರಷ್ಟು ಒಳ್ಳೆಯದಲ್ಲ. ಐವತ್ತು ಸಲ ಎಸೆದರೆ ನಾಯಿ ತಣ್ಣಗಾಗುವ ಬದಲು ಇನ್ನೂ ಕುದಿಯುತ್ತದೆ.

ಹಂತ 7: ಮನೆಯೊಳಗೆ ತಲೆಗೆಲಸ

ಮಲೆನಾಡಿನ ಜೂನ್-ಜುಲೈನಲ್ಲಿ ಹೊರಗೆ ಹೋಗಲು ಆಗದ ದಿನಗಳಿಗೆ ಇದು. ರಾತ್ರಿ ಊಟದ ಒಂದು ಭಾಗವನ್ನು ತಟ್ಟೆಯಲ್ಲಿ ಹಾಕಬೇಡಿ. ಹಳೆಯ ಗೋಣಿಚೀಲದ ಮಡಿಕೆಗಳಲ್ಲಿ ಚೂರು ಚೂರಾಗಿ ಬಚ್ಚಿಡಿ, ಹುಡುಕಿ ತಿನ್ನಲಿ. ಮಾರನೆಯ ದಿನ ಬೇರೆ ಕೋಣೆಯಲ್ಲಿ ಇಡಿ. ದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ಮಾತ್ರ ಇಡಬೇಡಿ, ಅವು ನಾಯಿಗೆ ವಿಷ, ನೆನಪಿರಲಿ.

ಹಂತ 8: ಸುಮ್ಮನಿರಲು ಕಲಿಸಿ

ಇದನ್ನು ಯಾರೂ ಕೇಳುವುದಿಲ್ಲ, ಆದರೆ ಅರ್ಧ ಸಮಸ್ಯೆ ಇಲ್ಲೇ. ಎಷ್ಟು ಓಡಿಸಿದರೂ ಮನೆಗೆ ಬಂದ ಮೇಲೆ ಇಳಿಯಲು ಗೊತ್ತಿಲ್ಲದ ನಾಯಿ ಸೋಫಾಕ್ಕೇ ಹೋಗುತ್ತದೆ. ಒಂದು ದಪ್ಪ ಕಂಬಳಿ ಹಾಸಿ. ಎಲುಬು ಎದ್ದು ಕಾಣುವ ಮೈ ಇದು, ಬರಿ ನೆಲ ಒತ್ತುತ್ತದೆ. ಹಾಸಿಗೆ ಒರಟಾಗಿದ್ದರೆ ಸೋಫಾ ಹತ್ತದೆ ಇನ್ನೇನು ಮಾಡುತ್ತದೆ? ವಾಕಿಂಗ್ ಮುಗಿಸಿ ಬಂದ ಕೂಡಲೇ ಕಂಬಳಿಯ ಮೇಲೆ ಅಗಿಯಲು ಏನಾದರೂ ಕೊಡಿ. ನೀವು ಪಕ್ಕದಲ್ಲಿ ಕೂತು ಮಾತಾಡದೆ ನಿಮ್ಮ ಕೆಲಸ ಮಾಡಿ. ತಾನಾಗಿ ತಲೆ ಕೆಳಗಿಟ್ಟಾಗ ಮೆಲ್ಲಗೆ ಒಂದು ಚೂರು ತಿಂಡಿ ಮುಂದಿಡಿ. ಎರಡು ಮೂರು ವಾರಕ್ಕೆ ಕಂಬಳಿ ಕಂಡರೇ ಮಲಗುವ ಅಭ್ಯಾಸ ಬರುತ್ತದೆ.

ಸಾಕೋ, ಸಾಲದೋ, ಜಾಸ್ತಿಯೋ?

ಮನೆಗೆ ಬಂದು ಅರ್ಧ ಗಂಟೆಯೊಳಗೆ ಮಲಗಿ, ಎದ್ದಾಗ ಆರಾಮಾಗಿ ಮೈ ಮುರಿದರೆ ಸರಿಯಾಗಿದೆ. ಬಾಲ ಅಟ್ಟಿಸಿಕೊಂಡು ಸುತ್ತುವುದು, ನೆಲ ಕೆರೆಯುವುದು, ಪ್ರತಿ ಸದ್ದಿಗೂ ಬೊಗಳುವುದು ಇದ್ದರೆ ಓಟವೋ ಮೂಸುವುದೋ ಸಾಲದು. ಮರುದಿನ ಕುಂಟಿದರೆ, ಏಳಲು ತಡಮಾಡಿದರೆ, ಬೆಲ್ಟು ತೋರಿಸಿದರೂ ಬರದಿದ್ದರೆ ಜಾಸ್ತಿಯಾಗಿದೆ, ಇಲ್ಲವೇ ನೋವಿದೆ. ಒಂದೆರಡು ಪಕ್ಕೆಲುಬು ಕಾಣುವುದು ಈ ತಳಿಗೆ ಸಹಜ. ದಾರಿಯಲ್ಲಿ ಹೋಗುವವರು "ಊಟ ಹಾಕಲ್ವಾ?" ಎಂದು ಕೇಳೇ ಕೇಳುತ್ತಾರೆ. ನಕ್ಕು ಮುಂದೆ ಹೋಗಿ. ಆದರೆ ಸೊಂಟದ ಮೂಳೆ, ಬೆನ್ನುಮೂಳೆ ಚೂಪಾಗಿ ಎದ್ದರೆ ಅದು ಸಹಜವಲ್ಲ, ತೋರಿಸಿ.

ಪ್ರತಿ ಸಲ ಹೊರಗಿಂದ ಬಂದ ಮೇಲೆ ಎರಡು ನಿಮಿಷ ಉಣ್ಣೆ ಹುಡುಕಿ. ರಕ್ತ ಹೀರುವ ಆ ಹುಳ ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದು, ಬೆಲ್ಟಿನ ಅಡಿ, ಬಾಲದ ಬುಡದಲ್ಲಿ ಕೂರುತ್ತದೆ. ಸಿಕ್ಕರೆ ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ, ಬೆರಳಲ್ಲಿ ಹಿಸುಕಬೇಡಿ. ಜ್ವರ, ಊಟ ಬಿಡುವುದು, ವಸಡು ಬಿಳಿಚುವುದು ಕಂಡರೆ ಉಣ್ಣೆ ಜ್ವರ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ. ಓಡುವ ನಾಯಿ ಇದ್ದಕ್ಕಿದ್ದ ಹಾಗೆ ಓಡಲು ಒಲ್ಲೆ ಅಂದಾಗ ನಾನು ಮೊದಲು ನೋಡುವುದು ಇದನ್ನೇ.

ದೀಪಾವಳಿ ವಾರದಲ್ಲಿ ಓಟದ ದಿನಗಳನ್ನು ರದ್ದು ಮಾಡಿ. ಬೆಳಕಿರುವಾಗಲೇ ನಡಿಗೆ ಮುಗಿಸಿ, ಬೆಲ್ಟು ಮತ್ತು ಎದೆಪಟ್ಟಿ ಎರಡನ್ನೂ ಹಾಕಿ, ಬೆಲ್ಟಿನ ಮೇಲೆ ನಿಮ್ಮ ಫೋನ್ ನಂಬರ್ ಬರೆಸಿಟ್ಟಿರಿ.